ಮೂರನೆಯ ಮಾಳಿಗೆಯ ಗ್ರೀಸ್

ಕೂಸಿನ ಮೈಗೆ ತಿಕ್ಕುವ ಎಣ್ಣೆಯನ್ನು ರೊಟ್ಟಿಯ ಮೇಲೆ ಸುರಿದುಕೊಂಡು ತಿನ್ನುವ ಮನುಷ್ಯನನ್ನು ನಾನು ಮೊದಲು ನೋಡಿದ್ದು ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿನ ಮೂರನೆಯ ಮಾಳಿಗೆಯಲ್ಲಿ. ಆಲಿವ್ ಎಣ್ಣೆ ಆಗ ಔಷಧಿ ಅಂಗಡಿಯಲ್ಲಷ್ಟೇ ಸಿಗುತ್ತಿತ್ತು, ಅಂಗೈಯಷ್ಟು ಸೀಸೆಯಲ್ಲಿ. ಪಕ್ಕದ ಮನೆಯ ಖಾಜಾಚಾಚಾ ಅದನ್ನು ತರಿಸಿದಾಗಲೆಲ್ಲ ನನ್ನ ಅತ್ತೆ, "ಈ ವಯಸ್ಸಿನ್ಯಾಗ ಸಾಹೇಬ್ರಿಗೆ ತೊಟ್ಟಿಲಾ ಕಟ್ಟಬೇಕೇನ?" ಎಂದು ನಗುವರು.

ಚಾಚಾ ನಮ್ಮ ವಿಜಾಪುರದವರು. ಸರಕಿನ ಹಡಗಿನಲ್ಲಿ ಅಡುಗೆ ಮಾಡುತ್ತ, ದೇಶದೇಶದ ಬಂದರು ಕಾಣುತ್ತ ಅರ್ಧ ಆಯುಷ್ಯ ಕಳೆದವರು. ಎಪ್ಪತ್ತರ ದಶಕದ ಆರಂಭದಲ್ಲಿ ಒಂದು ದಿನ ಎದೆನೋವಿನಿಂದ ಮೆಟ್ಟಿಲ ಮೇಲೆಯೇ ಬಿದ್ದರು. ಡಾಕ್ಟರು ಮಟನ್, ತುಪ್ಪ ಬಿಡಿಸಿ, ಕೆಲವು ತಿಂಗಳು ಮೆಟ್ಟಿಲು ಇಳಿಯಬೇಡಿ ಎಂದರು. ಮಗಳು ಜುಬೇದಾ ಅವರ ಚಪ್ಪಲಿಯನ್ನೇ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. ಡಾಕ್ಟರು ಹೇಳಿದ ತಿಂಗಳುಗಳು ಮುಗಿದರೂ ಬೀಗ ತೆಗೆಯಲಿಲ್ಲ.

"ನೀ ಗ್ರೀಸ್ ದೇಶದ ಮುದುಕರನ್ನ ನೋಡಬೇಕ ಬೇಟಿ," ಎನ್ನುವರು ಚಾಚಾ. "ಕಡ್ಲಿ, ತಪ್ಪಲ ಪಲ್ಯೆ, ಒಂದೀಟ ಮೀನ, ಮ್ಯಾಲ ಈ ಎಣ್ಣಿ. ಒಬ್ಬೊಬ್ಬರ ಕೂತ ಉಣ್ಣೂದಿಲ್ಲ, ಓಣಿ ಮಂದಿಯೆಲ್ಲಾ ಕೂಡಿ ಉಣ್ತಾರ. ಉಂಡು ಗುಡ್ಡಾ ಹತ್ತತಾರ. ನನಗೂ ಹಂಗ ಬದುಕೋದೈತಿ."

ಉಣ್ಣುವುದನ್ನು ಹಟ ಹಿಡಿದು ಮಾಡಿದರು. ಕಡಲೆಗೆ ಟೊಮೆಟೊ, ಬೆಳ್ಳುಳ್ಳಿ ಹಾಕಿ ಬೇಯಿಸಿ, ಮನೆಗಳ ಮುಂದಿನ ಉದ್ದ ಗ್ಯಾಲರಿಯಲ್ಲೇ ಚಾಪೆ ಹಾಸಿ ಎಲ್ಲರನ್ನೂ ಕರೆಯುವರು. ಮೂಗು ಮುರಿಯುತ್ತಲೇ ಅತ್ತೆ ಎಲ್ಲರಿಗಿಂತ ಮೊದಲು ಬಂದು ಕೂರುವರು. ತೊಡಕಿದ್ದದ್ದು ಗುಡ್ಡದ್ದು. ಬಕೆಟ್ಟು, ಒಣಹಾಕಿದ ಸೀರೆ ದಾಟುತ್ತ ಬರಿಗಾಲಲ್ಲಿ ಗ್ಯಾಲರಿಯ ಈ ತುದಿಯಿಂದ ಆ ತುದಿಗೆ ನಡೆದು, ಪ್ರತಿಸಲ ಮೆಟ್ಟಿಲ ಬಳಿ ಬಂದು ನಿಲ್ಲುವರು. "ಹಡಗದಾಗೂ ನನ್ನ ಹಿಂಗ ಕಟ್ಟಿಹಾಕಿರಲಿಲ್ಲ," ಎನ್ನುವರು.

ಚಪ್ಪಲಿ ಕೊಡು ಎಂದು ಜುಬೇದಾಳ ಜೊತೆ ಜಗಳಕ್ಕೇ ನಿಂತೆ. "ಅವತ್ತ ಬಿದ್ದಾಗ ಅಬ್ಬಾನ ತಲಿ ನನ್ನ ತೊಡಿ ಮ್ಯಾಲಿತ್ತು ಅಕ್ಕಾ," ಎಂದಳು.

ನಾವು ದೂರದ ಮುಲುಂಡಿಗೆ ಮನೆ ಬದಲಿಸಿದ ದಿನ, ಸಾಮಾನೆಲ್ಲ ಕೆಳಗಿಳಿಸಿದ ಮೇಲೆ ಚಾಚಾನಿಗೆ ಹೇಳಿಬರಲು ಹೋದೆ. ಜುಬೇದಾಳಿಗೆ ಏನನ್ನಿಸಿತೋ, ಟ್ರಂಕು ತೆಗೆದು ಚಪ್ಪಲಿ ತಂದು ತಂದೆಯ ಮುಂದಿಟ್ಟಳು. "ಅಕ್ಕನ್ನ ರಸ್ತಾ ತನಕ ಬಿಟ್ಟ ಬರ್ರಿ ಅಬ್ಬಾ. ನಾನೂ ಬರ್ತೀನಿ."

ಚಾಚಾ ಚಪ್ಪಲಿ ಮೆಟ್ಟಿ ನನ್ನೊಡನೆ ಮೆಟ್ಟಿಲವರೆಗೆ ಬಂದರು. ಕಟಾಂಜನ ಹಿಡಿದು ಕೆಳಗೆ ನೋಡಿದರು. ಹಣೆ ಬೆವರಿತು.

"ಇವತ್ತ ಬ್ಯಾಡ," ಎಂದರು. "ಸ್ಟೋವ್ ಮ್ಯಾಲ ಕಡ್ಲಿ ಇಟ್ಟೀನಿ."

ಸ್ಟೋವ್ ಹಚ್ಚಿರಲಿಲ್ಲ. ಅದು ನಮ್ಮ ಮೂವರಿಗೂ ಗೊತ್ತಿತ್ತು. ನಾನೊಬ್ಬಳೇ ಇಳಿದೆ. ಮತ್ತೆ ಅವರನ್ನು ನೋಡಲಾಗಲಿಲ್ಲ. ಅಂದು ಕೊನೆಯ ಮೆಟ್ಟಿಲಿಗೆ ಬರುವವರೆಗೂ, ಮೇಲೆ ಗ್ಯಾಲರಿಯಲ್ಲಿ ಆ ಚಪ್ಪಲಿಯ ಸಪ್ಪಳ ಅತ್ತಿಂದಿತ್ತ ಕೇಳುತ್ತಲೇ ಇತ್ತು.