ಪುಟದ ಬುಡದಲ್ಲಿ ಹನ್ನೊಂದು ಮಂದಿ

ಲಗ್ನಪತ್ರಿಕೆ ಕೈಗೆ ಬಂದರೆ ನಾನು ಮೊದಲು ವಧೂವರರ ಹೆಸರು ನೋಡುವುದಿಲ್ಲ. ಕಣ್ಣು ನೇರ ಕೆಳಗಿಳಿದು ‘ಸುಖಾಗಮನ ಬಯಸುವವರು’ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿ ನನ್ನ ಹೆಸರಿದ್ದರೆ ಸಂಬಂಧ ಒಳ್ಳೆಯದು. ಇಲ್ಲದಿದ್ದರೆ ಹುಡುಗನ ಬಗ್ಗೆ ಇನ್ನೊಂದಿಷ್ಟು ವಿಚಾರಿಸಬೇಕಿತ್ತು ಅನ್ನಿಸುತ್ತದೆ. ಮಧುಗಿರಿ ಸುತ್ತಮುತ್ತ ಮೂವತ್ತು ವರ್ಷ ಮೇಷ್ಟ್ರಾಗಿದ್ದವನಿಗೆ ಇಷ್ಟು ಚಪಲ ಸಹಜ.

ಕಂಪ್ಯೂಟರ್ ಮುಟ್ಟಲು ಹೆದರುವುದಿಲ್ಲ ಎಂಬ ಒಂದೇ ಅರ್ಹತೆ ನೋಡಿ, ನಿವೃತ್ತಿಯಾದ ಮೇಲೆ ನಮ್ಮ ರೈತರ ಸಂಘ ನನ್ನನ್ನು ಹಿಡಿದುಹಾಕಿತು. ಸಂಘ ಬಿತ್ತನೆ ಯಂತ್ರಗಳನ್ನು ಬಾಡಿಗೆಗೆ ಕೊಡುತ್ತದೆ. ಯಂತ್ರ ಕೈಕೊಟ್ಟರೆ ಏನು ಮಾಡಬೇಕೆಂದು ತಿಳಿಸಲು ಆನ್‌ಲೈನ್ ಸಹಾಯ ಕೇಂದ್ರ ತೆರೆದೆವು. ಎಲ್ಲ ಸಿದ್ಧವಾಗಿ ಉಳಿದದ್ದು ಫುಟರ್, ಅಂದರೆ ಪ್ರತಿ ಪುಟದ ಬುಡದಲ್ಲಿ ಕಾಣುವ ಪಟ್ಟಿ. ಅದನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು ಎಂದು ಸಭೆಯಲ್ಲಿ ಬಾಯಿಬಿಟ್ಟೆ. ಬಿಡಬಾರದಿತ್ತು.

ಮೇಲಿನದನ್ನು ಒಬ್ಬರೂ ಓದಿರಲಿಲ್ಲ. ಬುಡಕ್ಕೆ ಮಾತ್ರ ಮೂರು ಸಭೆ ನಡೆದವು. ಅಧ್ಯಕ್ಷರ ಹೆಸರು ಮೊದಲು ಬಂತು. ಶಿರಾದ ನಿರ್ದೇಶಕರನ್ನು ಹಾಕಿದ ಮೇಲೆ ಕೊರಟಗೆರೆಯವರನ್ನು ಬಿಡುವುದು ಹೇಗೆ? ತಮ್ಮ ತಾಲ್ಲೂಕು ಯಾವಾಗಲೂ ಕೊನೆಗೇ ಎಂದು ಪಾವಗಡದವರು ತೆಲುಗು ಬೆರೆಸಿ ಮುನಿಸಿಕೊಂಡರು. ಅವರನ್ನು ದಪ್ಪಕ್ಷರದಲ್ಲಿ ಹಾಕಿ ಸಮಾಧಾನಪಡಿಸಿದೆ. ಹಿಂದಿನವರು ಶಾಸನದ ಬುಡದಲ್ಲಿ, ದಾನ ಕೆಡಿಸಿದವನಿಗೆ ಹುಳುವಾಗಿ ಹುಟ್ಟುವ ಶಾಪ ಕೊರೆಸುತ್ತಿದ್ದರು. ಅದರಿಂದ ಓದುವವನಿಗೆ ಒಂದಿಷ್ಟು ಭಯವಾದರೂ ಸಿಗುತ್ತಿತ್ತು. ನಮ್ಮದರಲ್ಲಿ ಪದವಿ ಸಮೇತ ಹನ್ನೊಂದು ಹೆಸರು ಬಿಟ್ಟರೆ ಬೇರೇನೂ ಸಿಗುವಂತಿರಲಿಲ್ಲ. ಜಾಗ ಸಾಲದೆ ಫೋನ್ ನಂಬರ್ ತೆಗೆದುಬಿಟ್ಟಿದ್ದೆ. ಸಭೆಯಲ್ಲಿ ಅದನ್ನು ಯಾರೂ ಗಮನಿಸಲಿಲ್ಲ.

ಗಮನಿಸಿದವರು ಮಿಡಿಗೇಶಿಯ ಗೌರಮ್ಮ. ಮಳೆ ಬಿದ್ದು ಅವರ ಹೊಲ ಹದಕ್ಕೆ ಬಂದಿತ್ತು. ಕಡಲೆಕಾಯಿ ಬಿತ್ತುತ್ತಿದ್ದ ನಮ್ಮ ಯಂತ್ರ ಅರ್ಧ ಹೊಲದಲ್ಲಿ ನಿಂತಿತು. ಹದ ಆರುವುದರೊಳಗೆ ಬಿತ್ತನೆ ಮುಗಿಯಬೇಕು. ಮೊಬೈಲಿನಲ್ಲಿ ಪುಟದ ಬುಡದವರೆಗೂ ಹುಡುಕಿ, ನಂಬರ್ ಕಾಣದೆ, ಮರುದಿನ ಬಸ್ಸು ಹತ್ತಿ ಸಂಘದ ಕಚೇರಿಗೇ ಬಂದರು. ಮುಖದಲ್ಲಿ ಕೋಪವಿರಲಿಲ್ಲ. ಮೊಬೈಲನ್ನು ನನ್ನ ಮೇಜಿನ ಮೇಲಿಟ್ಟರು.

“ಇಷ್ಟು ಜನ ದೊಡ್ಡೋರು ಸಾಲಾಗಿ ಕುಂತವ್ರೆ ಮೇಷ್ಟ್ರೇ. ಇವ್ರಲ್ಲಿ ಫೋನ್ ಎತ್ತೋರು ಯಾರು?”

ಮೆಕ್ಯಾನಿಕ್ಕನ್ನು ಅವರ ಜೊತೆಗೇ ಕಳಿಸಿದೆ. ಆತ ಹೋಗಿ ಸರಿಪಡಿಸುವ ಹೊತ್ತಿಗೆ ಹದ ಆರಿತ್ತು. ಉಳಿದರ್ಧ ಹೊಲ ಮುಂದಿನ ಮಳೆಗೆ ಕಾಯಬೇಕಾಯಿತು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಮುಂದಿನ ಸಭೆಯಲ್ಲಿ ಒಂದು ಸಣ್ಣ ತಿದ್ದುಪಡಿ ಸೂಚಿಸಿದೆ: ಹೆಸರುಗಳೆಲ್ಲ ಇರಲಿ, ಪ್ರತಿ ಹೆಸರಿನ ಪಕ್ಕ ಅವರವರ ಸ್ವಂತ ಮೊಬೈಲ್ ನಂಬರೂ ಇರಲಿ. ಪ್ರಚಾರ ತಮಗೆ ಮೊದಲಿನಿಂದಲೂ ಆಗಿಬರದು ಎಂದು ಕೊರಟಗೆರೆಯವರು ನೆನಪಿಸಿಕೊಂಡರು. ಶಿರಾದವರು ಹೌದೆಂದರು. ಪಾವಗಡದವರು ದಪ್ಪಕ್ಷರವನ್ನೂ ತ್ಯಾಗ ಮಾಡಿದರು. ಕಾಫಿ ಬರುವಷ್ಟರಲ್ಲಿ ಇಡೀ ಮಂಡಳಿ ವೈರಾಗ್ಯ ತಾಳಿತ್ತು.

“ಕೆಲ್ಸ ಮುಖ್ಯ ಮೇಷ್ಟ್ರೇ, ಹೆಸ್ರು ಯಾಕೆ ಬುಡಿ,” ಎಂದರು ಅಧ್ಯಕ್ಷರು.

ಹನ್ನೊಂದರಲ್ಲಿ ಹತ್ತು ಹೋದವು. ಹನ್ನೊಂದನೆಯದು ಯಾರದೆಂದು ಇಷ್ಟು ಹೊತ್ತು ನಿಮಗೆ ಹೇಳದೆ ಜಾರಿಕೊಂಡಿದ್ದೆ, ಅದು ನನ್ನದೇ. ಪಕ್ಕದಲ್ಲಿ ನಂಬರ್ ಹಾಕಬೇಕೆಂದಾಗ ನನಗೂ ಒಂದು ಗಳಿಗೆ ವೈರಾಗ್ಯ ಬಂದದ್ದು ಸುಳ್ಳಲ್ಲ. ಕೊನೆಗೆ ಹೆಸರನ್ನು ಅಳಿಸಿ, ಆ ಜಾಗದಲ್ಲಿ ನಂಬರ್ ಬರೆದೆ. ಈಗ ನಾನು ಊಟಕ್ಕೆ ಕೂತಾಗಲೇ ಫೋನು ಬರುತ್ತದೆ. ಎತ್ತಿದ ತಕ್ಷಣ ಯಂತ್ರದ ಕಥೆ ಶುರುವಾಗುತ್ತದೆ. ನೀವು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ.