ನಡುಗಡ್ಡೆಯ ಜಾಲಿ ಮರಗಳು

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರಿನ ಪೂರ್ವ ಭಾಗದಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದೆ. ನಿವೃತ್ತಿ ಹತ್ತಿರವಿತ್ತು.

ಕೆ.ಆರ್. ಪುರಂ ಕಡೆಯ ಕೆರೆಯೊಂದರ ನಡುಗಡ್ಡೆ ನನ್ನ ವ್ಯಾಪ್ತಿಯಲ್ಲಿತ್ತು. ಅದು ಹುಟ್ಟಿದ್ದು ಹೂಳಿನಿಂದ. ಹಿಂದೊಮ್ಮೆ ಕೆರೆ ಬತ್ತಿದಾಗ ತೋಡಿದ ಮಣ್ಣನ್ನು ದಡಕ್ಕೆ ಸಾಗಿಸಲಾಗದೆ ನಡುವೆಯೇ ಗುಡ್ಡೆ ಹಾಕಿದ್ದರು. ಅದರ ಮೇಲೆ ಜಾಲಿ ಬೆಳೆಯಿತು. ಬೆಳ್ಳಕ್ಕಿ, ನೀರುಕಾಗೆಗಳು ಬಂದು ಗೂಡು ಕಟ್ಟಿದವು. ಊರಿನವರು ಅತ್ತ ತೆಪ್ಪ ಹಾಕುತ್ತಿರಲಿಲ್ಲ. ಆಮೇಲೆ ಸರ್ಕಾರವೂ ಅದನ್ನು ಪಕ್ಷಿಗಳ ರಕ್ಷಿತ ತಾಣವೆಂದು ಸಾರಿ ದೋಣಿವಿಹಾರ ನಿಷೇಧಿಸಿತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ದಡದ ಮನೆಯ ಪಿಳ್ಳಮ್ಮ ಫೋನ್ ಮಾಡಿದರು. ಅವರ ಮನೆತನ ಒಂದು ಕಾಲದಲ್ಲಿ ಆ ಕೆರೆಯ ನೀರಿನಲ್ಲಿ ಭತ್ತ ಬೆಳೆಯುತ್ತಿತ್ತು. ಈಗ ಆ ಗದ್ದೆಗಳಲ್ಲಿ ಅವರ ಬಾಡಿಗೆ ಮನೆಗಳಿವೆ.

“ಮೇಡಮ್ಮೋರೆ, ಮರ ಕುಯ್ತಾವ್ರೆ. ಮರಿಗಳೆಲ್ಲ ನೀರಿಗೆ ಬೀಳ್ತಾವೆ, ಬೇಗ ಬನ್ನಿ.”

ನಾನು ತಲುಪುವಷ್ಟರಲ್ಲಿ ಅರ್ಧ ನಡುಗಡ್ಡೆ ಬೋಳಾಗಿತ್ತು. ರೆಕ್ಕೆ ಬಲಿಯದ ಮರಿಗಳು ಕೆಸರಿನಲ್ಲಿ ಹೊರಳುತ್ತಿದ್ದವು. ಹದ್ದುಗಳು ಆಗಲೇ ಇಳಿದಿದ್ದವು. ದಡದಲ್ಲಿ ಸಂಗೀತ ಕಾರಂಜಿಯ ಕೆಲಸ ನಡೆದಿತ್ತು. ನೋಟಕ್ಕೆ ಮರ ಅಡ್ಡ, ಹಿಕ್ಕೆಯ ವಾಸನೆ ಬೇರೆ ಎಂದು ಎದುರಿನ ಅಪಾರ್ಟ್‌ಮೆಂಟಿನವರು ದೂರು ಕೊಟ್ಟಿದ್ದರಂತೆ. ‘ಲೇಕ್ ವ್ಯೂ’ ಬೇಕೆಂದು ಮುಗಿಬಿದ್ದು ಫ್ಲ್ಯಾಟ್ ಕೊಂಡವರು ಅವರೇ.

“ಬರೀ ಟ್ರಿಮ್ಮಿಂಗ್ ಮೇಡಂ,” ಎಂದ ಕಾರಂಜಿಯ ಗುತ್ತಿಗೆದಾರ. “ಪಕ್ಷಿಗಳು ಬೇರೆ ಕಡೆ ಹೋಗ್ತವೆ ಬಿಡಿ.”

ಹಾರಲಾರದ ಮರಿ ಎಲ್ಲಿಗೆ ಹೋಗುತ್ತದೆ? ಗೂಡು, ಮೊಟ್ಟೆಗಳನ್ನು ನಾಶಮಾಡುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಗರಗಸಗಳನ್ನೂ ತೆಪ್ಪವನ್ನೂ ಜಪ್ತಿ ಮಾಡಿಸಿ, ಗುತ್ತಿಗೆದಾರನ ಮೇಲೆ ಮೊಕದ್ದಮೆ ದಾಖಲಿಸಿದೆ. ಕೂಡಲೇ ಮೇಲಧಿಕಾರಿಯ ಫೋನ್ ಬಂತು. ಭಾನುವಾರ ಉದ್ಘಾಟನೆಯಿದೆ, ಕೆಲಸ ಮುಗಿಸಲು ಬಿಡಿ ಎಂದರು.

“ಆರ್ಡರ್ ಬರೆದು ಕಳಿಸಿ ಸಾರ್, ಬಿಡ್ತೀನಿ,” ಎಂದೆ. ಅವರು ಫೋನ್ ಇಟ್ಟರು. ಆರ್ಡರ್ ಬರಲಿಲ್ಲ.

ಸಂಜೆಯವರೆಗೂ ನಮ್ಮ ಗಾರ್ಡ್‌ಗಳು ರಟ್ಟಿನ ಪೆಟ್ಟಿಗೆಗಳಲ್ಲಿ ಮರಿಗಳನ್ನು ತಂದರು. ಪಿಳ್ಳಮ್ಮ ಹಳೆಯ ಸೀರೆಗಳನ್ನು ಹರಿದು ಹಾಸಿಕೊಟ್ಟರು. ಬಹುಪಾಲು ಮರಿಗಳು ಉಳಿಯಲಿಲ್ಲ. ಭಾನುವಾರ ಕಾರಂಜಿ ಚಿಮ್ಮಿತು, ಹಾರ ತುರಾಯಿಗಳಾದವು. ತಿಂಗಳೊಳಗೆ ನನ್ನನ್ನು ಕಚೇರಿಯ ಕಡತಗಳ ಮುಂದೆ ಕೂರಿಸಿದರು. ಆದರೆ ಉಳಿದರ್ಧ ಮರಗಳು ಉಳಿದವು. ಮರುವರ್ಷ ಬೆಳ್ಳಕ್ಕಿಗಳು ಅಲ್ಲೇ ಗೂಡು ಕಟ್ಟಿದವು.

ಮೊಕದ್ದಮೆ ಇನ್ನೂ ನಡೆಯುತ್ತಿದೆ. ನಿವೃತ್ತಳಾದರೂ ಸಾಕ್ಷಿ ಹೇಳಲು ಹೋಗುತ್ತೇನೆ. ಇನ್ನೂ ಬಿಟ್ಟಿಲ್ವಾ ಎಂದು ಗುತ್ತಿಗೆದಾರ ನಗುತ್ತಾನೆ. ಬಿಡುವುದಿಲ್ಲ. ಇಂಥ ಕೆಲಸಗಳನ್ನು ಬಾಯಿಮಾತಿನಲ್ಲೇ ಮಾಡಿಸುತ್ತಾರೆಂದು ನೌಕರಿ ನನಗೆ ಕಲಿಸಿದೆ. ಬರೆದುಕೊಡಿ ಎನ್ನುವವರು ಒಬ್ಬರಾದರೂ ಅಲ್ಲಿ ನಿಂತಿರಬೇಕು.