ಕಿಲಾರಿಯ ಕಂಬಳಿ ಹೊದ್ದ ಅಧ್ಯಾಪಕ

೨೦೨೩ನೆಯ ಇಸವಿ ಫೆಬ್ರವರಿ ೨, ಗುರುವಾರ. ರಾಂಪುರದಿಂದ ಬಳ್ಳಾರಿಯ ಕಡೆಗೆ ಹೋಗುವ ರಸ್ತೆಯನ್ನು ಹಟ್ಟಿಯ ಗುಡಿಗೆ ಬಿಟ್ಟ ದೇವರ ಎತ್ತುಗಳು ದಾಟುತ್ತಿದ್ದಾಗ, ಅವುಗಳನ್ನು ಕಾಯುವ ಕಿಲಾರಿ ದೊಡ್ಡಪಾಲಯ್ಯನಿಗೆ ಲಾರಿ ಬಡಿಯಿತು. ಎತ್ತುಗಳೆಲ್ಲ ಆಚೆ ಸೇರಿದ್ದವು, ಮನುಷ್ಯ ಉಳಿಯಲಿಲ್ಲ.

ಅವನ ಒಬ್ಬನೇ ಮಗ ಮಾರುತೇಶ ಚಳ್ಳಕೆರೆಯ ಕಾಲೇಜೊಂದರಲ್ಲಿ ಇಂಗ್ಲಿಷ್ ಅತಿಥಿ ಉಪನ್ಯಾಸಕ. ಮರುದಿನ ಮಣ್ಣು ಮುಗಿಸಿ ಎಲ್ಲರೂ ಹಟ್ಟಿಗೆ ಮರಳಿದ ಮೇಲೆ ಅವನು ಒಬ್ಬನೇ ಎತ್ತುಗಳನ್ನು ಕೂಡುವ ರೊಪ್ಪದ ಕಡೆ ನಡೆದ. ಯಾರೂ ನೀರು ತೋರಿಸದ ಎತ್ತುಗಳು ಮುಳ್ಳುಬೇಲಿಯ ಮೇಲೆ ಕುತ್ತಿಗೆ ಚಾಚಿ ನಿಂತಿದ್ದವು. ಗಾಳಿ ತಣ್ಣಗಿತ್ತೆಂದು ಗೂಟದ ಮೇಲಿದ್ದ ಅಪ್ಪನ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಅವನ್ನು ಗೋಕಟ್ಟೆಗೆ ಹೊಡೆದುಕೊಂಡು ಹೋಗಿ ನೀರು ಕುಡಿಸಿದ.

ತಪ್ಪಾದದ್ದು ಅಲ್ಲಿಯೇ. ಸತ್ತ ಕಿಲಾರಿಯ ಕಂಬಳಿ ಹೊದ್ದು ಅವನ ವಂಶದವನು ದೇವರ ಎತ್ತುಗಳಿಗೆ ಮೊದಲ ನೀರು ಕುಡಿಸಿದರೆ, ಕಿಲಾರಿತನವನ್ನು ಒಪ್ಪಿಕೊಂಡಂತೆ ಎಂಬುದು ಆ ಹಟ್ಟಿಯ ಕಟ್ಟಳೆ. ಒಪ್ಪಿಕೊಂಡವನು ಬೇರೆ ಊರಲ್ಲಿ ನೆಲೆಸುವಂತಿಲ್ಲ. ರಾತ್ರಿ ರೊಪ್ಪದಲ್ಲಿಯೇ ಮಲಗಬೇಕು. ಬಾಲ್ಯದಲ್ಲೇ ಹಾಸ್ಟೆಲ್ ಸೇರಿದ್ದ ತನಗೆ ಇದು ಮರೆತೇಹೋಗಿತ್ತು ಎಂದು ಮಾರುತೇಶ ಎಲ್ಲರಿಗೂ ಹೇಳಿದ. ಕೇಳಿದವರು ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಅಂದಿನಿಂದ ಅವನು ರೊಪ್ಪದಲ್ಲಿ ಮಲಗಿ, ಎದ್ದು, ಮೈಗಂಟಿದ ಹುಲ್ಲು ಕೊಡವಿಕೊಂಡು, ಹಗಲಿಗೆ ಎತ್ತುಗಳನ್ನು ಹಟ್ಟಿಯ ಹುಡುಗರಿಗೆ ಒಪ್ಪಿಸಿ ಚಳ್ಳಕೆರೆಯ ಬಸ್ಸು ಹತ್ತತೊಡಗಿದ.

ಕಾಲೇಜಿನಲ್ಲಿ ಪಾಠಕ್ಕಿದ್ದದ್ದು ವಿಕ್ಟೋರಿಯಾ ರಾಣಿಯ ಕಾಲದ ಒಂದು ದುರಂತ ಕಾದಂಬರಿ. ಅದರಲ್ಲಿ ತಲೆಮಾರುಗಳಿಂದ ಜನರನ್ನು ದೋಣಿಯಲ್ಲಿ ನದಿ ದಾಟಿಸುತ್ತ ಬಂದ ಮನೆತನ. ತಂದೆ ಪ್ರವಾಹದಲ್ಲಿ ಮುಳುಗುತ್ತಾನೆ. ಬೇರೆಡೆ ಬದುಕಬಹುದಾಗಿದ್ದ ಮಗಳು ಅದೇ ದೋಣಿ ಹಿಡಿದು ಅದೇ ನೀರಿಗೆ ಬಲಿಯಾಗುತ್ತಾಳೆ. ಆಪತ್ತು ಮನುಷ್ಯನನ್ನು ಕೆಡವುತ್ತದೆ, ಏಳಗೊಡದಿರುವುದು ಮನೆತನ, ಎರಡೂ ಕೂಡಿದಲ್ಲಿ ಕಥೆಗೆ ಬೇರೆ ದಾರಿಯಿಲ್ಲ ಎಂದು ಅವನು ಪ್ರತಿವರ್ಷ ಬರೆಸುತ್ತಿದ್ದ. ಈ ಸಲ ನನ್ನಿವಾಳ ಊರಿನ ವಿದ್ಯಾರ್ಥಿನಿ ಕಾವ್ಯ ಎದ್ದು ನಿಂತಳು.

“ಸರ್, ಅಪ್ಪ ಸತ್ತಿದ್ದು ಆಕೆ ಕೈಯಾಗಿರ್ಲಿಲ್ಲ, ಸರಿ. ದೋಣಿ ಹಿಡಿ ಅಂತ ಆಕೆಗೆ ಹೇಳಿದ್ದು ಯಾರು? ಈ ಪುಸ್ತಕದಾಗೆ ಯಾರೂ ಹೇಳಿಲ್ವಲ್ಲ.”

ಅವನು ಪುಟಗಳನ್ನು ತಿರುವಿದ. ನಿಜವಾಗಿಯೂ ಯಾರೂ ಹೇಳಿರಲಿಲ್ಲ. ಮುಂದಿನ ತರಗತಿಯಲ್ಲಿ ನೋಡೋಣ ಎಂದವನು ಮುಂದಿನ ತರಗತಿಯಲ್ಲಿ ಬೇರೆ ಅಧ್ಯಾಯಕ್ಕೆ ಹೋದ.

ಮೇ ತಿಂಗಳಲ್ಲಿ ಅವನಿಗೆ ಕಾಯಂ ಕೆಲಸದ ಆದೇಶ ಬಂತು. ಊರು ಬೀದರ್, ಜೂನ್ ೧೨ರ ಸೋಮವಾರದೊಳಗೆ ಹಾಜರಾಗಬೇಕು. ಅದಕ್ಕಾಗಿ ಅವನು ಒಂಬತ್ತು ವರ್ಷ ಕಾದಿದ್ದ. ಗುಡಿಯ ಯಜಮಾನ ಓಬಳಪ್ಪನ ಎದುರು ವಾದಿಸಲು ಮಾತುಗಳನ್ನು ಹೊಂದಿಸಿಕೊಂಡು ಜೂನ್ ೪ರ ಭಾನುವಾರ ಹೋದ. ಮುದುಕ ವಾದಕ್ಕೆ ಎಡೆಯನ್ನೇ ಕೊಡಲಿಲ್ಲ.

“ನಿನ್ ಮೈಮ್ಯಾಲೆ ಅಪ್ಪನ ಕಂಬ್ಳಿ ಕಂಡು ನಾವು ಹಿಗ್ಗಿದ್ದು ಹೌದಪ್ಪ. ಹಂಗಂತ ಗೂಟಕ್ಕೆ ಕಟ್ಟಾಕೆ ನೀನೇನು ಎತ್ತಾ? ಹೋಗು. ದೇವ್ರಿಗೆ ತಪ್ಪುಕಾಣಿಕೆ ಕಟ್ತೀವಿ, ಮುಗೀತು.”

“ಎತ್ತುಗಳ ಗತಿ ಏನು ದೊಡ್ಡಪ್ಪ?”

“ನಿಮ್ ವಂಶದಾಗೆ ಇನ್ಯಾರವ್ರೆ? ಗೋಶಾಲೆಗೆ ಬಿಡಾದು. ಅದು ನಿನ್ ಚಿಂತೆ ಅಲ್ಲ.”

ಯಾರಾದರೂ ತಡೆದಿದ್ದರೆ ಮಾರುತೇಶ ಬಿಡಿಸಿಕೊಂಡು ಹೋಗುತ್ತಿದ್ದ. ತಡೆಯುವವರೇ ಇಲ್ಲವಾದಾಗ ಹೋಗುವುದೂ ಉಳಿಯುವುದೂ ಅವನೊಬ್ಬನ ಮೇಲೆಯೇ ಬಿತ್ತು. ಜೂನ್ ೧೧ರಂದು ಪೆಟ್ಟಿಗೆಯೊಡನೆ ರಾಂಪುರದ ನಿಲ್ದಾಣದಲ್ಲಿ ನಿಂತ, ಬಸ್ಸು ಬಂದು ನಿಂತು ಹೊರಟಿತು, ಅವನು ಹತ್ತಲಿಲ್ಲ.

ಮರುದಿನ ಗುಡ್ಡದ ಬುಡದಲ್ಲಿ ಎತ್ತುಗಳ ನಡುವೆ ಅವನನ್ನು ಕಂಡ ಓಬಳಪ್ಪನಿಗೆ ಸಂತೋಷವಾಗಲಿಲ್ಲ. ಯಾಕೆ ಹೋಗಲಿಲ್ಲವೆಂದು ಕೇಳಿದ. “ಇರು ಅಂತ ಯಾರೂ ಹೇಳಲಿಲ್ಲ ದೊಡ್ಡಪ್ಪ, ನಾನೇ ಬಸ್ಸು ಹತ್ತಲಿಲ್ಲ,” ಎಂದ ಮಾರುತೇಶ. ಮುದುಕ ಕೋಲೂರಿ ಹೊರಡಲು ತಿರುಗಿದ.

“ನಾಳೆ ಇದಕ್ಕೆ ನಮ್ಮನ್ನ ಬೈಬ್ಯಾಡ,” ಎಂದು ಹಟ್ಟಿಯ ದಾರಿ ಹಿಡಿದ.

ಎತ್ತುಗಳು ಬಿಸಿಲಿನಲ್ಲಿ ಮೇಯುತ್ತ ಚದುರಿದವು. ಮಾರುತೇಶ ಅವುಗಳ ಹಿಂದೆ ನಡೆದ.